ಹಣ್ಣಿನ ನೊಣಕ್ಕೆ ದಾರಿ ಹೇಳುವವರು ಯಾರು?

ಬಾಳೆಹಣ್ಣು ಹೆಚ್ಚು ಕಳಿತರೆ, ಇಲ್ಲವೇ ಒಡೆದ ದಾಳಿಂಬೆ ಎರಡು ದಿನ ಹಾಗೇ ಬಿದ್ದಿದ್ದರೆ, ಕೆಂಪು ಕಣ್ಣಿನ ಸಣ್ಣ ನೊಣಗಳು ಬಂದು ಮುತ್ತುತ್ತವೆ. ವಳಸಂಗದಲ್ಲಿ ಯಾರ ಮನೆಯಲ್ಲಾದರೂ ನೋಡಿರಬೇಕಲ್ಲ? ಇವೇ ಹಣ್ಣಿನ ನೊಣಗಳು. ಇವುಗಳ ಮಿದುಳು ಗಸಗಸೆ ಕಾಳಿನಷ್ಟೂ ಇಲ್ಲ. ಅಷ್ಟರಲ್ಲೇ ಸುಮಾರು 1,39,000 ನರಕೋಶಗಳು, ಅವುಗಳ ನಡುವೆ ಸುಮಾರು 5 ಕೋಟಿ ಜೋಡಣೆಗಳು! ಅದರ ಪೂರ್ತಿ ನಕ್ಷೆ 2024ರಲ್ಲಿ ಪ್ರಕಟವಾಯಿತು.

ನಕ್ಷೆ ಕೈಗೆ ಬಂದರೆ ನೊಣದ ನಡವಳಿಕೆ ಅರ್ಥವಾದಂತೆಯೇ? ಇಲ್ಲ. ಮನೆಯ ವೈರಿಂಗ್ ನೋಡ್ರಿ. ಯಾವ ತಂತಿ ಯಾವ ದೀಪಕ್ಕೆ ಹೋಗಿದೆ ಎಂದು ತಿಳಿಯಬೇಕಾದರೆ ಒಂದು ಫ್ಯೂಸ್ ತೆಗೆದು, ಯಾವ ದೀಪ ಆರಿತು ಎಂದು ನೋಡುತ್ತಾರೆ.

1970ರ ದಶಕದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದಿಕಿ ಮತ್ತು ಅವರ ವಿದ್ಯಾರ್ಥಿನಿ ವೆರೋನಿಕಾ ರಾಡ್ರಿಗ್ಸ್ ಇಂಥದೇ ಉಪಾಯ ಹಿಡಿದರು. ಜೀನ್ ಕೆಟ್ಟು, ವಾಸನೆ ಸರಿಯಾಗಿ ತಿಳಿಯದ ನೊಣಗಳನ್ನು ಹುಡುಕಿದರು. ಹುಡುಕಲು ಕವೆಯಂತೆ ಎರಡಾಗಿ ಒಡೆದ ನಳಿಕೆ ಬೇಕು: ಒಂದು ಕವಲಿನಲ್ಲಿ ವಾಸನೆ, ಇನ್ನೊಂದರಲ್ಲಿ ಬರೀ ಗಾಳಿ. ಮುಂದೆ ಸಿದ್ದಿಕಿಯವರು ಬೆಂಗಳೂರಿನಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ ಕಟ್ಟಿದರು. ಹೀಗೆ ನೊಣದ ಅಭ್ಯಾಸವೂ ನಮ್ಮ ಉದ್ಯಾನ್ ಎಕ್ಸ್‌ಪ್ರೆಸ್ಸಿನಂತೆ ಮುಂಬೈಯಿಂದ ಬೆಂಗಳೂರಿಗೆ ಹೋಯಿತು ಅನ್ನಿ.

ಇಲ್ಲಿ ಸ್ವಲ್ಪ ನಿಲ್ರಿ. ನೊಣ ವಾಸನೆಯ ಕಡೆ ಹೋಗಲಿಲ್ಲ; ಹಾಗಾದರೆ ಅದಕ್ಕೆ ವಾಸನೆ ತಿಳಿಯಲಿಲ್ಲ ಎನ್ನಬಹುದೇ? ಕಾಲಲ್ಲಿ ಬಲ ಇಲ್ಲದಿರಬಹುದು. ಹೊಟ್ಟೆ ತುಂಬಿರಬಹುದು. ಅದು ಮೇಲೆ ಹತ್ತುತ್ತದೆಯೇ, ಬೆಳಕಿನ ಕಡೆ ಸರಿಯುತ್ತದೆಯೇ ಎಂದು ಬೇರೆಯಾಗಿ ನೋಡದೆ ತೀರ್ಮಾನ ಮಾಡುವಂತಿಲ್ಲ. ನನ್ನನ್ನು ಕೇಳಿದರೆ ಈ ವಿಷಯದಲ್ಲಿ ಅತಿ ಕಠಿಣವಾದ ಭಾಗ ಇದೇ.

ವಾಸನೆ ಮೊದಲು ತಾಗುವುದು ನೊಣದ ಕುಡಿಮೀಸೆಗೆ. ಅಲ್ಲಿಂದ ನರಗಳು ಮಿದುಳಿನ ಸುಮಾರು 50 ಗುಂಡನೆಯ ಗಂಟುಗಳಿಗೆ ಹೋಗುತ್ತವೆ. ತೆಳು ವಿನೆಗರ್ ವಾಸನೆಗೆ ಅವುಗಳಲ್ಲಿ ಆರು ಗಂಟುಗಳು ಎಚ್ಚರಗೊಳ್ಳುತ್ತವೆ, ನೊಣ ವಿನೆಗರ್ ಕಡೆ ಬರುತ್ತದೆ. ಆರೂ ಬೇಕೇ? 2009ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದೊಂದನ್ನೇ ಸುಮ್ಮನಾಗಿಸಿ ನೋಡಿದರು. ಕೆಲವನ್ನು ತೆಗೆದರೂ ಏನೂ ಫರಕಾಗಲಿಲ್ಲ. ಆದರೆ ಎರಡನ್ನು ತೆಗೆದಾಗ ಸೆಳೆತ ಬಹಳ ಕುಗ್ಗಿತು. ವಿನೆಗರ್ ಗಾಢವಾದಾಗ ಇನ್ನೊಂದು ಗಂಟು ಎಚ್ಚರಗೊಳ್ಳುತ್ತದೆ, ಆಗ ನೊಣ ಹಿಂಜರಿಯುತ್ತದೆ. ವಾಸನೆ ಅದೇ, ಗಂಟು ಒಂದೇ ಹೆಚ್ಚು, ನಡವಳಿಕೆ ಮಾತ್ರ ಬೇರೆ. ಹಸಿದ ನೊಣದಲ್ಲಂತೂ ಮಿದುಳಿನ ಈ ಮೊದಲ ಮೆಟ್ಟಿಲಲ್ಲೇ ಸಂಕೇತ ಜೋರಾಗುತ್ತದೆ.

ನೀವೂ ಮಾಡಿ ನೋಡ್ರಿ. ಒಂದೇ ಅಳತೆಯ ಎರಡು ಬಾಟಲಿ ತಗೊಳ್ರಿ. ಒಂದರಲ್ಲಿ ಕಳಿತ ಬಾಳೆಹಣ್ಣಿನ ತುಂಡು, ಇನ್ನೊಂದರಲ್ಲಿ ಒದ್ದೆ ಹತ್ತಿ ಇಡ್ರಿ. ಎರಡರ ಬಾಯಿಗೂ ಕಾಗದದ ಆಲಿಕೆ ಮಾಡಿ, ತುದಿಯಲ್ಲಿ ಸಣ್ಣ ತೂತು ಬಿಡ್ರಿ. ಸಂಜೆಗೆ ನೊಣಗಳನ್ನು ಎಣಿಸಿ ಹೊರಗೆ ಬಿಟ್ಟುಬಿಡ್ರಿ. ಮರುದಿನ ಬಾಟಲಿಗಳ ಜಾಗ ಅದಲುಬದಲು ಮಾಡಿ ಮತ್ತೆ ಎಣಿಸ್ರಿ. ಜಾಗ ಬದಲಿಸುವುದು ಏಕೆ? ಉತ್ತರವನ್ನು ಎಣಿಕೆಯ ಜೊತೆಗೇ ವಹಿಯಲ್ಲಿ ಬರೆದು ತರ್ರಿ.