ಹಳೆಯ ನೂಲು, ಹೊಸ ಉಡುಪು

ಜಯನಗರದ ತಿಲಕ್ ನಗರದಲ್ಲಿ ಒಂದು ಮನೆ. ಮಗಳು ಈದ್‌ಗೆಂದು ಕೊಂಡು ತಂದ ಕುರ್ತಾದ ಚೀಟಿಯಲ್ಲಿ, ಅದು ಹಳೆಯ ಬಟ್ಟೆಯ ಎಳೆಯಿಂದ ಮರುತಯಾರಿಸಿದ್ದೆಂದು ಬರೆದಿತ್ತು. ತಾಯಿಯ ಮನಸ್ಸು ಒಪ್ಪಲಿಲ್ಲ. "ಯಾರೋ ಉಟ್ಟು ಬಿಟ್ಟದ್ದನ್ನು ಧರಿಸಿ ನಮಾಝ್ ಮಾಡಬಹುದೇ? ಜನರು ಏನೆಂದಾರು?" ಎಂದು ಅವರು ನನ್ನಲ್ಲಿ ವಿಚಾರಿಸಿದರು. ಇಲ್ಲಿ ಪ್ರಶ್ನೆ ಒಂದಲ್ಲ, ಎರಡು. ಒಂದು ಶುದ್ಧಿಯದು, ಇನ್ನೊಂದು ಪ್ರತಿಷ್ಠೆಯದು.

ಮೊದಲನೆಯದಕ್ಕೆ ಉತ್ತರ ಸುಲಭ. ಖಚಿತವಾದುದು ಬರೀ ಸಂಶಯದಿಂದ ಅಳಿಯದು ಎಂಬುದು ಫಿಕ್‌ಹ್‌ನ ಪ್ರಸಿದ್ಧ ನಿಯಮ. ಬಟ್ಟೆಯ ಮೂಲಸ್ಥಿತಿ ಶುದ್ಧಿ. ನಜಸ್ ತಗಲಿದೆಯೆಂದು ಖಚಿತವಾದರೆ ತೊಳೆದು ಶುದ್ಧಗೊಳಿಸಬೇಕು. ಅದು ಹಿಂದೆ ಯಾರ ಮೈಮೇಲಿತ್ತು ಎಂಬುದರಿಂದ ಬಟ್ಟೆ ಅಶುದ್ಧವಾಗುವುದಿಲ್ಲ. ಇಂತಹ ಕೆಲಸಕ್ಕೆ ಹೆಸರಾದ ಹರಿಯಾಣದ ಪಾಣಿಪತ್‌ನಲ್ಲಿ ಹಳೆಯ ಬಟ್ಟೆಗಳ ಗುಂಡಿ, ಜಿಪ್ಪುಗಳನ್ನು ತೆಗೆದು, ಬಣ್ಣಕ್ಕನುಸಾರ ವಿಂಗಡಿಸಿ, ಯಂತ್ರದಲ್ಲಿ ಹರಿದು ಎಳೆಯಾಗಿಸಿ ಮತ್ತೆ ನೂಲುತ್ತಾರೆ.

ಎರಡನೆಯ ಪ್ರಶ್ನೆಯೇ ನಿಜವಾದ ಕಾಯಿಲೆ. ಪ್ರವಾದಿವರ್ಯರು(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಚಿತ್ರಗಳಿದ್ದ ಪರದೆಯೊಂದನ್ನು ಪ್ರವಾದಿವರ್ಯರು(ಸ) ಮೆಚ್ಚದಿದ್ದಾಗ ಆಯಿಶಾ(ರ) ಅದನ್ನು ಬಿಸಾಡಲಿಲ್ಲ. ಕತ್ತರಿಸಿ ದಿಂಬು ಮಾಡಿದರು. ಹ. ಉಮರ್(ರ) ಆಡಳಿತ ನಡೆಸುತ್ತಿದ್ದ ಕಾಲದಲ್ಲೇ ಅವರ ಅಂಗಿಯ ಹೆಗಲ ನಡುವೆ ತೇಪೆಗಳನ್ನು ಕಂಡುದಾಗಿ ಹ. ಅನಸ್(ರ) ಹೇಳಿದ್ದಾರೆ. ಅವರ ಗೌರವ ಬಟ್ಟೆಯಲ್ಲಿರಲಿಲ್ಲ.

ಹಾಗೆಂದು ಇಸ್ಲಾಮ್ ಹರಕಲು ವೇಷವನ್ನು ಪುಣ್ಯವೆನ್ನುವುದಿಲ್ಲ. ಅನುಕೂಲವಿದ್ದೂ ಕಳಪೆ ಬಟ್ಟೆ ತೊಟ್ಟು ಬಂದವರಿಗೆ, ಅಲ್ಲಾಹನ ಅನುಗ್ರಹ ನಿಮ್ಮ ಮೇಲೆ ಕಾಣಲಿ ಎಂಬರ್ಥದ ಮಾತನ್ನು ಪ್ರವಾದಿವರ್ಯರು(ಸ) ಹೇಳಿದ್ದರು. ಅಲ್ ಅಅ್‌ರಾಫ್ ಅಧ್ಯಾಯದ 31ನೇ ಸೂಕ್ತವು ಆರಾಧನೆಯ ವೇಳೆ ಅಲಂಕೃತರಾಗಲು ಹೇಳುತ್ತದೆ, ಜೊತೆಗೆ ಮಿತಿ ಮೀರಬಾರದೆಂದೂ ಎಚ್ಚರಿಸುತ್ತದೆ. ಅಂದವೂ ಇರಲಿ, ಮಿತಿಯೂ ಇರಲಿ.

ಈ ಮಿತಿ ನಮ್ಮ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಅಜ್ಜಿಯಂದಿರು ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಡೆಯ ಸಿದ್ದಿ ಮಹಿಳೆಯರ ಕೌದಿಗಳನ್ನು ಇಂದು ಹೊರದೇಶದವರೂ ಮೆಚ್ಚಿಕೊಳ್ಳುತ್ತಾರೆ. ಸಿದ್ದಿಗಳಲ್ಲಿ ನಮ್ಮ ಮುಸ್ಲಿಮ್ ಸಹೋದರಿಯರೂ ಇದ್ದಾರೆ. ಅಂಚಿನಿಂದ ನಡುವಿಗೆ ಹೊಲಿಯುತ್ತಾ ಬಂದು, ಮೂಲೆಗಳಿಗೆ ಬಟ್ಟೆಯ ಪುಟ್ಟ ಹೂ ಇಟ್ಟು ಮುಗಿಸುತ್ತಾರೆ. ಚಿಂದಿಗೂ ಹೂವಿನ ಮರ್ಯಾದೆ!

ನಾವಾದರೋ ಬಿಸಾಡುವುದನ್ನು ಕಲಿತೆವು. ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ ಸೇರುತ್ತದೆಂದು 2022ರ ವರದಿಯೊಂದು ಅಂದಾಜಿಸಿತು. ಬಿಸಾಡಿದ್ದು ಮಾಯವಾಗುವುದಿಲ್ಲ. ಬೆಂಗಳೂರಿನ ಕಸವನ್ನು ಹೊತ್ತು ಬಳಲಿದ ಮಂಡೂರಿನ ಗ್ರಾಮಸ್ಥರು 2014ರಲ್ಲಿ ಬೀದಿಗಿಳಿದುದನ್ನು ಮರೆಯಬಾರದು. ನೆರೆಯವರ ಹಕ್ಕು ನಮ್ಮ ಗೋಡೆಯ ಪಕ್ಕದ ಮನೆಗೆ ಮಾತ್ರ ಸೀಮಿತವೇ?

ಇನ್ನೊಂದು ಮಾತು. ಮರುಬಳಕೆಯ ಚೀಟಿ ಕಂಡೊಡನೆ ನಾಲ್ಕು ಜೊತೆ ಕೊಳ್ಳುವುದೂ ದುಂದುವೆಚ್ಚವೇ. ಹರಿದ ಎಳೆ ಗಿಡ್ಡವಾಗುವುದರಿಂದ ಅದಕ್ಕೆ ಹೊಸ ಎಳೆ ಬೆರೆಸಬೇಕಾಗುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತಿದ್ದರೆ ಬೇರ್ಪಡಿಸುವುದೇ ಕಷ್ಟ. ಆದುದರಿಂದ ಇರುವುದನ್ನು ಹೆಚ್ಚು ಕಾಲ ಉಡುವುದು ಮೊದಲು, ದುರಸ್ತಿ ಅನಂತರ, ಇತರರಿಗೆ ಕೊಡುವುದು ಆಮೇಲೆ, ಕೊಳ್ಳುವುದು ಕೊನೆಗೆ.

ಕೊಡುವ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಒಂದು ರಮಝಾನ್‌ನಲ್ಲಿ ನಮ್ಮ ಮಕ್ಕಳಿಗೆಂದು ಬಟ್ಟೆಯ ಗಂಟು ಬಂದಿತ್ತು. ಹುಡುಗನೊಬ್ಬ ಅಂಗಿಯೊಂದನ್ನು ಎತ್ತಿ ನೋಡಿದ. ಗುಂಡಿಗಳಿರಲಿಲ್ಲ, ಕಂಕುಳು ಹರಿದಿತ್ತು. ಅವನು ಮಡಚಿ ಮೆಲ್ಲನೆ ಗಂಟಿನಲ್ಲೇ ಇಟ್ಟ. "ಸಿಕ್ಕಿದ್ದಕ್ಕೆ ಶುಕ್ರ್ ಹೇಳು" ಎಂದೆ ನಾನು. ಅವನು ತಲೆ ತಗ್ಗಿಸಿದ. ಆ ರಾತ್ರಿ ಅಲ್ ಬಕರದ 267ನೇ ಸೂಕ್ತ ನೆನಪಾಯಿತು. ನಮಗೇ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸದಂತಹ ಕಳಪೆಯನ್ನು ದಾನಕ್ಕೆ ಆರಿಸಬೇಡಿರೆಂಬುದು ಅದರ ಆಶಯ. ಉಪದೇಶ ಬೇಕಿದ್ದುದು ಗಂಟು ಕಟ್ಟಿದವರಿಗೆ ಮತ್ತು ನನಗೆ, ಹುಡುಗನಿಗಲ್ಲ.

ಆದುದರಿಂದ ಸಹೋದರ ಸಹೋದರಿಯರೇ, ಕೊಡುವ ಮುನ್ನ ಒಗೆಯಿರಿ, ಗುಂಡಿ ಹೊಲಿಯಿರಿ, ಇಸ್ತ್ರಿ ಮಾಡಿರಿ. ಉಡಲಾಗದ್ದು ಒರೆಸುವ ಬಟ್ಟೆಯಾಗಲಿ, ದಿಂಬಾಗಲಿ, ಕೌದಿಯಾಗಲಿ. ಅದನ್ನು ಸದಕ ಎಂದು ಕರೆಯಬೇಡಿ.

ಆ ತಾಯಿಗೂ ಇದನ್ನೇ ಹೇಳಿದೆ. ಮಗಳು ಅದೇ ಕುರ್ತಾ ತೊಟ್ಟು ಈದ್ ಆಚರಿಸಿದಳು. ತಖ್ವಾದ ಉಡುಪೇ ಶ್ರೇಷ್ಠವೆಂದು ಕುರ್‌ಆನ್ ಕಲಿಸಿದೆ. ಆ ಉಡುಪನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.