ಹೊರಗಿನ ಅಭಿಮಾನಿಗೆ ಪ್ರವೇಶವಿಲ್ಲ: ಹೊಸಬರಿಗೊಂದು ಪರಿಚಯ

ಸುರತ್ಕಲ್‌ನ ಮಕ್ಕಳಿಗೆ ನಿಷೇಧಾಜ್ಞೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. 2022ರ ಜುಲೈ 28ರ ರಾತ್ರಿ ಇಲ್ಲಿ ಒಬ್ಬ ಯುವಕನ ಕೊಲೆಯಾಯಿತು. ಸುರತ್ಕಲ್, ಪಣಂಬೂರು, ಬಜ್ಪೆ, ಮೂಲ್ಕಿ ಠಾಣೆಗಳ ವ್ಯಾಪ್ತಿಯಲ್ಲಿ 144 ಸೆಕ್ಷನ್ ಹಾಕಿದರು, ಅಂಗಡಿಗಳು ಸಂಜೆಯೇ ಬಾಗಿಲೆಳೆದವು. ಇಂದಿನ ಪಿಯುಸಿ, ಡಿಗ್ರಿ ಮಕ್ಕಳಿಗೆ ಅದೆಲ್ಲ ಚೆನ್ನಾಗಿ ನೆನಪಿದೆ. ಅದೇ ಮಕ್ಕಳು ರಾತ್ರಿ ಮೊಬೈಲಿನಲ್ಲಿ ಯುರೋಪಿನ ಫುಟ್‌ಬಾಲ್ ನೋಡುತ್ತಾರೆ. ‘ಈ ಪಂದ್ಯಕ್ಕೆ ಎದುರಾಳಿ ತಂಡದ ಅಭಿಮಾನಿಗಳಿಗೆ ಪ್ರವೇಶವಿಲ್ಲ’ ಎಂಬ ಸುದ್ದಿ ಕಂಡಾಗ ಮಾತ್ರ ಅವರಿಗೆ ಗೊಂದಲವಾಗುತ್ತದೆ. ಯಾವ ತಪ್ಪೂ ಮಾಡದವನನ್ನು, ದುಡ್ಡು ಕೊಟ್ಟು ಟಿಕೆಟ್ ಕೊಳ್ಳುವವನನ್ನು ಬರಬೇಡ ಎನ್ನುವ ಅಧಿಕಾರ ಯಾರಿಗಿದೆ? ಹಾಗೆ ಯಾಕೆ ಹೇಳುತ್ತಾರೆ? ಹೇಳಿದ್ದರಿಂದ ಗಲಾಟೆ ನಿಲ್ಲುತ್ತದೆಯೇ? ನಮ್ಮೂರಿನ ನಿಷೇಧಾಜ್ಞೆಗೂ ಆ ನಿಷೇಧಕ್ಕೂ ಹತ್ತಿರದ ನಂಟಿದೆ. ನಿಧಾನವಾಗಿ ನೋಡೋಣ. ಆಟದ ನಿಯಮ ಗೊತ್ತಿಲ್ಲದವರಿಗೂ ಅರ್ಥವಾಗುತ್ತದೆ.

ಹೊರಗಿನ ಅಭಿಮಾನಿ ಎಂದರೆ ಯಾರು?

ಲೀಗ್ ಟೂರ್ನಿಯಲ್ಲಿ ಸಾಮಾನ್ಯವಾಗಿ ಪ್ರತಿ ತಂಡ ಎದುರಾಳಿಯ ಜೊತೆ ಒಮ್ಮೆ ತನ್ನ ಊರಿನಲ್ಲಿ, ಒಮ್ಮೆ ಅವರ ಊರಿನಲ್ಲಿ ಆಡುತ್ತದೆ. ತಂಡದ ಬೆನ್ನಿಗೆ ಎದುರಾಳಿಯ ಊರಿಗೆ ಹೋಗುವವರೇ ಹೊರಗಿನ ಅಭಿಮಾನಿಗಳು. ಗ್ಯಾಲರಿಯಲ್ಲಿ ಅವರಿಗೆ ಬೇರೆ ಬ್ಲಾಕ್, ಬೇರೆ ಗೇಟು ಇರುತ್ತದೆ, ಸುತ್ತ ಬಂದೋಬಸ್ತ್ ಇರುತ್ತದೆ. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ನಡೆಸುವ ಟೂರ್ನಿಗಳಲ್ಲಿ ಕ್ರೀಡಾಂಗಣದ ಕನಿಷ್ಠ ಶೇ 5ರಷ್ಟು ಸೀಟು ಹೊರಗಿನವರಿಗೆ ಕೊಡಬೇಕೆಂಬ ನಿಯಮವೇ ಇದೆ.

ನಮ್ಮ ರಾಜ್ಯದಲ್ಲಿ ಇದನ್ನು ಕಾಣಬೇಕಾದರೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗಬೇಕು. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಆಡುವ ದಿನ ಒಂದು ಕಡೆ ಬೆಂಗಳೂರಿನ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನವರ ನೀಲಿ, ಇನ್ನೊಂದು ಕಡೆ ಬ್ಲಾಸ್ಟರ್ಸ್ ಅಭಿಮಾನಿ ಬಳಗ ಮಂಜಪ್ಪಡದವರ ಹಳದಿ. 2023ರ ಮಾರ್ಚ್ 3ರ ಪ್ಲೇಆಫ್ ಪಂದ್ಯದಲ್ಲಿ ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಗಳಿಸಿದರು. ಬ್ಲಾಸ್ಟರ್ಸ್ ತಂಡ ಪ್ರತಿಭಟಿಸಿ ಮೈದಾನ ಬಿಟ್ಟು ಹೋಯಿತು. ಇಂಥ ಪೈಪೋಟಿ ಇರುವಲ್ಲಿ ಪೊಲೀಸರಿಗೆ ತಲೆಬಿಸಿ ಸಹಜ. ಆದರೆ ಒಂದು ಮಾತು ಗಮನಿಸಿ. ಹಳದಿ ಅಂಗಿ ತೊಟ್ಟವರೆಲ್ಲ ಕೊಚ್ಚಿಯಿಂದ ಬಸ್ಸು ಹತ್ತಿ ಬಂದವರಲ್ಲ. ಬೆಂಗಳೂರಿನಲ್ಲೇ ಕೆಲಸ ಮಾಡುತ್ತ, ಬಾಡಿಗೆ ಕಟ್ಟುತ್ತ, ಮಕ್ಕಳನ್ನು ಅಲ್ಲಿಯ ಶಾಲೆಗೆ ಕಳಿಸುತ್ತಿರುವ ಮಲಯಾಳಿಗಳು ಅವರಲ್ಲಿ ಬೇಕಾದಷ್ಟಿದ್ದಾರೆ. ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿದರೆ ಗೇಟಿನಲ್ಲಿ ನಿಂತ ಕಾನ್‌ಸ್ಟೇಬಲ್ ಯಾರನ್ನು ತಡೆಯಬೇಕು? ನಮಗೆ ಕೇರಳದ ಗಡಿಯಾದ ತಲಪಾಡಿ ಒಂದು ಗಂಟೆಯ ದಾರಿ. ಗಡಿಯಾಚೆಯ ಮಂಜೇಶ್ವರ, ಉಪ್ಪಳದವರು ನಮ್ಮ ಹಾಗೆಯೇ ತುಳು, ಕನ್ನಡ ಮಾತಾಡುತ್ತಾರೆ, ಮಂಗಳೂರಿಗೆ ಓದಲು, ಆಸ್ಪತ್ರೆಗೆ, ಮದುವೆಗೆ ಬರುತ್ತಾರೆ. ಒಳಗಿನವರು, ಹೊರಗಿನವರು ಎಂಬ ಗೆರೆ ಎಳೆಯುವುದು ಎಷ್ಟು ಕಷ್ಟವೆಂದು ಕರಾವಳಿಯವರಿಗೆ ಬೇರೆಯವರು ಹೇಳಬೇಕಾಗಿಲ್ಲ.

ತಡೆಯುವ ಬಗೆಗಳು

ನಿಷೇಧ ಎಂದರೆ ಒಂದೇ ಬಗೆಯದಲ್ಲ. ಹಗುರದಿಂದ ಭಾರದವರೆಗೆ ಮೆಟ್ಟಿಲುಗಳಿವೆ.

ಮೊದಲನೆಯದು ವ್ಯಕ್ತಿಗೆ ಮಾತ್ರ ಹಾಕುವ ನಿಷೇಧ. ಇಂಗ್ಲೆಂಡಿನಲ್ಲಿ 1989ರ ಫುಟ್‌ಬಾಲ್ ಪ್ರೇಕ್ಷಕರ ಕಾಯ್ದೆಯಡಿ, ಗಲಾಟೆ ಮಾಡಿದವನನ್ನು ನ್ಯಾಯಾಲಯ ವರ್ಷಗಟ್ಟಲೆ ಕ್ರೀಡಾಂಗಣದಿಂದ ದೂರವಿಡಬಹುದು. ವಿದೇಶದ ಪಂದ್ಯಗಳ ವೇಳೆ ಪಾಸ್‌ಪೋರ್ಟನ್ನೂ ಒಪ್ಪಿಸಬೇಕಾಗುತ್ತದೆ. ನಮ್ಮಲ್ಲಿ ರೌಡಿಶೀಟರುಗಳಿಂದ ಮುಚ್ಚಳಿಕೆ ಬರೆಸಿಕೊಳ್ಳುವುದು, ಗಡಿಪಾರು ಮಾಡುವುದು ಇದೇ ಜಾತಿಯ ಕ್ರಮ. ಇಲ್ಲಿ ಹೆಸರಿದೆ, ಆರೋಪವಿದೆ, ಉತ್ತರಿಸಲು ಅವಕಾಶವಿದೆ.

ಎರಡನೆಯದು ಒಂದು ಪಂದ್ಯದ ಮಟ್ಟಿಗೆ ಹೊರಗಿನವರ ಬ್ಲಾಕ್ ಮುಚ್ಚುವುದು. ಫ್ರಾನ್ಸಿನಲ್ಲಿ ಪ್ರಿಫೆಕ್ಟ್ ಎಂಬ ಅಧಿಕಾರಿ ಇಂಥ ಆದೇಶ ಹೊರಡಿಸುತ್ತಾರೆ. ನಮ್ಮ ಜಿಲ್ಲಾಧಿಕಾರಿಯಂತೆ ಅವರೂ ಸರ್ಕಾರದ ಪ್ರತಿನಿಧಿ. ಅಭಿಮಾನಿ ಸಂಘಗಳು ಅಲ್ಲಿಯ ಅತ್ಯುನ್ನತ ಆಡಳಿತ ನ್ಯಾಯಾಲಯಕ್ಕೆ ಹೋಗಿ ಕೆಲವು ಆದೇಶಗಳಿಗೆ ತಡೆ ತಂದದ್ದೂ ಉಂಟು.

ಮೂರನೆಯದು ಕಾಯಂ ನಿಯಮ. ಅರ್ಜೆಂಟೀನಾ 2013ರಲ್ಲಿ ದೇಶದ ಲೀಗ್ ಪಂದ್ಯಗಳಿಂದ ಹೊರಗಿನ ಅಭಿಮಾನಿಗಳನ್ನು ದೂರವಿಟ್ಟಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಅಯಾಕ್ಸ್ ಮತ್ತು ಫೆಯನೂರ್ಡ್ ಪಂದ್ಯಗಳಿಗೆ 2009ರಿಂದ ಇದೇ ಕಟ್ಟು.

ನಾಲ್ಕನೆಯದು ಪಂದ್ಯವನ್ನೇ ರದ್ದು ಮಾಡುವುದು ಅಥವಾ ಬೇರೆ ಊರಿಗೆ ಒಯ್ಯುವುದು. ಕಾವೇರಿ ಹೋರಾಟದ ಬಿಸಿಯಲ್ಲಿ 2018ರ ಏಪ್ರಿಲ್‌ನಲ್ಲಿ ಚೆನ್ನೈ ಸೂಪರ್ ಕಿಂಗ್ಸ್‌ನ ತವರು ಪಂದ್ಯಗಳು ಪುಣೆಗೆ ಹೋದವು. 2024ರ ಆಗಸ್ಟ್ 18ರಂದು ಕೋಲ್ಕತ್ತದಲ್ಲಿ ನಡೆಯಬೇಕಿದ್ದ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ನಡುವಿನ ಡುರಾಂಡ್ ಕಪ್ ಪಂದ್ಯ ರದ್ದಾಯಿತು. ಆರ್‌.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಹತ್ಯೆ ವಿರೋಧಿಸಿ ನಗರ ಬೀದಿಗಿಳಿದಿದ್ದ ದಿನಗಳವು. ಗ್ಯಾಲರಿಯಲ್ಲಿ ಜಗಳವಾದೀತೆಂದು ಯಾರನ್ನು ಬೇರೆ ಬೇರೆ ಕೂರಿಸುತ್ತಿದ್ದರೋ, ಆ ಎರಡೂ ತಂಡಗಳ ಅಭಿಮಾನಿಗಳು ಅಂದು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಒಟ್ಟಿಗೆ ನಿಂತು ನ್ಯಾಯ ಕೇಳಿದರು.

ಐದನೆಯದಕ್ಕೆ ಆದೇಶದ ಕಾಗದವೇ ಇರುವುದಿಲ್ಲ. 2023ರ ಜೂನ್ 21ರಂದು ಕಂಠೀರವದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್‌ನ ಭಾರತ, ಪಾಕಿಸ್ತಾನ ಪಂದ್ಯ ನಡೆಯಿತು. ವೀಸಾ ತಡವಾಗಿ ಪಾಕಿಸ್ತಾನದ ಆಟಗಾರರು ಪಂದ್ಯದ ದಿನವೇ ಬೆಂಗಳೂರು ತಲುಪಿದರು, ಅದೇ ಸಂಜೆ ಆಡಿ 4-0ಯಿಂದ ಸೋತರು. ಛೆಟ್ರಿ ಮೂರು ಗೋಲು ಹೊಡೆದರು. ಅದೇ ವರ್ಷದ ಕ್ರಿಕೆಟ್ ವಿಶ್ವಕಪ್‌ನಲ್ಲಿ ಪಾಕಿಸ್ತಾನ ಚಿನ್ನಸ್ವಾಮಿಯಲ್ಲಿ ಎರಡು ಪಂದ್ಯ ಆಡಿತು. ತಮ್ಮ ಪತ್ರಕರ್ತರಿಗೆ ವೀಸಾ ತಡವಾಗಿದೆ, ಅಭಿಮಾನಿಗಳಿಗೆ ವೀಸಾದ ವ್ಯವಸ್ಥೆಯೇ ಇಲ್ಲ ಎಂದು ಆ ದೇಶದ ಕ್ರಿಕೆಟ್ ಮಂಡಳಿ ಐಸಿಸಿಗೆ ದೂರು ಕೊಟ್ಟಿತು. ಎರಡು ದೇಶಗಳ ನಡುವಿನ ಕಹಿಗೆ ಕಾರಣಗಳಿವೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬರಬೇಡಿ ಎಂದು ಯಾರೂ ಬರೆದು ಕೊಡದಿದ್ದರೂ ಜನ ಬರಲಾಗದ ಸ್ಥಿತಿ ಹುಟ್ಟಬಹುದು. ಪ್ರಶ್ನಿಸಲು ಕಾಗದವೇ ಇಲ್ಲದ ಕಾರಣ ಈ ಬಗೆ ಎಲ್ಲಕ್ಕಿಂತ ಬಿಗಿಯಾದದ್ದು.

ಭಯ ಸುಳ್ಳಲ್ಲ

ನಿಷೇಧ ಹಾಕುವವರೆಲ್ಲ ಕೆಟ್ಟವರೆಂದು ತಿಳಿಯಬೇಡಿ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಅಭಿಮಾನಿಗಳ ನಡುವೆ ಗಲಭೆಯಾಗಿ 16 ಮಂದಿ ಸತ್ತರು. 2012ರ ಫೆಬ್ರುವರಿ 1ರಂದು ಈಜಿಪ್ಟಿನ ಪೋರ್ಟ್ ಸೈದ್‌ನಲ್ಲಿ ಪಂದ್ಯ ಮುಗಿಯುತ್ತಿದ್ದಂತೆ ಸ್ಥಳೀಯರು ಹೊರಗಿನ ಅಲ್ ಅಹ್ಲಿ ಅಭಿಮಾನಿಗಳ ಮೇಲೆ ಬಿದ್ದರು. 70ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಮನೆಯಿಂದ ಆಟ ನೋಡಲು ಹೋದ ಹುಡುಗ ಹೆಣವಾಗಿ ಬರುವುದಾದರೆ ಒಂದು ಪಂದ್ಯದ ಟಿಕೆಟ್ ಯಾವ ಲೆಕ್ಕ? ನಿಜವಾದ ಅಪಾಯ ಎದುರಿಗಿದ್ದರೆ ಬಾಗಿಲು ಮುಚ್ಚುವುದೇ ಸರಿ.

ಹಾಗಾದರೆ ಬಾಗಿಲು ಮುಚ್ಚಿದರೆ ಸಾವು ತಪ್ಪುತ್ತದೆಯೇ? 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅಲ್ಲಿ ಎದುರಾಳಿ ತಂಡದ ಅಭಿಮಾನಿಗಳೇ ಇರಲಿಲ್ಲ, ಎಲ್ಲರೂ ಆರ್‌ಸಿಬಿಯ ಗೆಲುವಿಗೆ ಸಂಭ್ರಮಿಸಲು ಬಂದವರು. ಗೇಟು, ದಾರಿ, ಜನರ ಲೆಕ್ಕ ತಪ್ಪಿದಲ್ಲಿ ನಮ್ಮವರ ನಡುವೆಯೇ ಸಾವು ಬರುತ್ತದೆ. ಸುರಕ್ಷತೆಯ ಮೊದಲ ಪಾಠ ಅಲ್ಲಿದೆ, ಹೊರಗಿನವರ ಪ್ರಶ್ನೆ ಆಮೇಲಿನದು.

ಅರ್ಜೆಂಟೀನಾದ ಕಾರ್ಡೊಬಾ ನಗರದಲ್ಲಿ 2017ರ ಏಪ್ರಿಲ್‌ನಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿ. ಬೆಲ್‌ಗ್ರಾನೊ ಮತ್ತು ಟಾಯೆರೆಸ್ ಪಂದ್ಯ. ನಿಯಮದಂತೆ ಟಾಯೆರೆಸ್ ಅಭಿಮಾನಿಗಳಿಗೆ ಪ್ರವೇಶವಿರಲಿಲ್ಲ. ಗ್ಯಾಲರಿಯಲ್ಲಿ ಬೆಲ್‌ಗ್ರಾನೊದ ಒಬ್ಬ ಯುವಕನಿಗೂ ಹಳೆಯ ವೈರಿಯೊಬ್ಬನಿಗೂ ಮಾತಿಗೆ ಮಾತು ಬೆಳೆಯಿತು. ‘ಇವನು ಟಾಯೆರೆಸ್‌ನವನು’ ಎಂದು ವೈರಿ ಕೂಗಿದ. ಸುತ್ತಲಿದ್ದವರು ನಂಬಿ ಹೊಡೆದು, ಯುವಕನನ್ನು ಗ್ಯಾಲರಿಯಿಂದ ಕೆಳಕ್ಕೆ ತಳ್ಳಿದರು. ಅವನು ಬದುಕಲಿಲ್ಲ. ಹೊರಗಿನವರನ್ನು ಪೂರ್ತಿ ದೂರವಿಟ್ಟ ಕ್ರೀಡಾಂಗಣದಲ್ಲಿ, ತಮ್ಮದೇ ತಂಡದವನನ್ನು ‘ಹೊರಗಿನವನು’ ಎಂದು ಕೂಗಿದ್ದೇ ಕೊಲ್ಲಲು ಸಾಕಾಯಿತು.

ಇದು ಎಲ್ಲೋ ದೂರದ ಕತೆಯಲ್ಲ. 2025ರ ಏಪ್ರಿಲ್ 27ರಂದು ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ, ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಜಾಗದಲ್ಲಿ, ವಯನಾಡ್ ಮೂಲದ ಒಬ್ಬ ಮನುಷ್ಯನನ್ನು ಗುಂಪು ಹೊಡೆದು ಕೊಂದಿತು. ಸುರತ್ಕಲ್‌ನಲ್ಲಿ ಮೇಷ್ಟ್ರಾಗಿರುವ ನನ್ನನ್ನು ಆ ಸುದ್ದಿ ಇಂದಿಗೂ ಕಾಡುತ್ತದೆ. ಮಕ್ಕಳು ಆಡುವ ಮೈದಾನದಲ್ಲಿ ಹಾಗಾಯಿತಲ್ಲ ಎಂಬ ಸಂಕಟ ಒಂದು ಕಡೆ. ಒಬ್ಬನನ್ನು ಹೊರಗಿನವನೆಂದು ಗುರುತಿಸುವುದಕ್ಕೂ ಅವನ ಮೇಲೆ ಕೈ ಎತ್ತುವುದಕ್ಕೂ ನಡುವಿನ ಅಂತರ ಇಷ್ಟು ಕಿರಿದಾಯಿತೇ ಎಂಬ ಭಯ ಇನ್ನೊಂದು ಕಡೆ.

ಬರ್ಮಿಂಗ್‌ಹ್ಯಾಮ್‌ನ ವರದಿ

ಇತ್ತೀಚೆಗೆ ಹೆಚ್ಚು ಚರ್ಚೆಯಾದ ಪ್ರಕರಣ ಇಂಗ್ಲೆಂಡಿನದು. 2025ರ ನವೆಂಬರ್ 6ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಆಸ್ಟನ್ ವಿಲ್ಲಾ ಮತ್ತು ಇಸ್ರೇಲಿನ ಮಕಾಬಿ ಟೆಲ್ ಅವೀವ್ ನಡುವೆ ಯುರೋಪಾ ಲೀಗ್ ಪಂದ್ಯವಿತ್ತು. ಗಾಜಾ ಯುದ್ಧದ ಬಿಸಿ ಇನ್ನೂ ಆರಿರಲಿಲ್ಲ. ಹಿಂದಿನ ವರ್ಷ ನವೆಂಬರ್ 7ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇದೇ ತಂಡದ ಪಂದ್ಯದ ಸುತ್ತ ಹೊಡೆದಾಟಗಳಾಗಿದ್ದವು. ಪೊಲೀಸರ ಸಲಹೆಯಂತೆ ಸ್ಥಳೀಯ ಸುರಕ್ಷತಾ ಸಲಹಾ ಸಮಿತಿ ಮಕಾಬಿ ಅಭಿಮಾನಿಗಳು ಬರಕೂಡದೆಂದಿತು. ಅದು ತಪ್ಪು ತೀರ್ಮಾನ ಎಂದು ಬ್ರಿಟನ್ನಿನ ಪ್ರಧಾನಿಯೇ ಹೇಳಿದರೂ ನಿಷೇಧ ತೆರವಾಗಲಿಲ್ಲ.

ಪಂದ್ಯ ಮುಗಿಯಿತು, ವಿಲ್ಲಾ 2-0ಯಿಂದ ಗೆದ್ದಿತು. ಆಮೇಲೆ ನಿಷೇಧಕ್ಕೆ ಆಧಾರವಾಗಿದ್ದ ಪೊಲೀಸ್ ವರದಿಯನ್ನು ಬಿಡಿಸಿ ನೋಡಿದರೆ, ಅದರಲ್ಲಿ ಮಕಾಬಿ ತಂಡ ವೆಸ್ಟ್ ಹ್ಯಾಮ್ ವಿರುದ್ಧ ಆಡಿದ ಪಂದ್ಯವೊಂದರ ಉಲ್ಲೇಖವಿತ್ತು. ಅಂಥ ಪಂದ್ಯ ನಡೆದೇ ಇರಲಿಲ್ಲ! ಕೃತಕ ಬುದ್ಧಿಮತ್ತೆಯ ಸಾಧನವೊಂದು ಕೊಟ್ಟ ಉತ್ತರವನ್ನು ಪರಿಶೀಲಿಸದೆ ವರದಿಗೆ ಸೇರಿಸಿದ್ದರು. 2026ರ ಜನವರಿಯಲ್ಲಿ ಗೃಹ ಸಚಿವೆ ಸಂಸತ್ತಿನಲ್ಲಿ ಪೊಲೀಸ್ ಮುಖ್ಯಸ್ಥರ ಮೇಲೆ ವಿಶ್ವಾಸವಿಲ್ಲವೆಂದರು. ಆ ಮುಖ್ಯಸ್ಥರು ಹುದ್ದೆ ತೊರೆದರು. ಅಪಾಯ ಇರಲೇ ಇಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಸಾವಿರಾರು ಜನರಿಗೆ ಬಾಗಿಲು ಮುಚ್ಚುವ ಕಾಗದದಲ್ಲಿ ಸುಳ್ಳೊಂದು ನುಸುಳಿದರೆ, ಅದರಲ್ಲಿರುವ ನಿಜವನ್ನೂ ಜನ ನಂಬುವುದಿಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ?

ಹಳೆಯ 144 ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ಮಂಗಳೂರಿನಂಥ ಕಮಿಷನರೇಟ್‌ನಲ್ಲಿ ಪೊಲೀಸ್ ಕಮಿಷನರ್, ಬೇರೆಡೆ ಜಿಲ್ಲಾಧಿಕಾರಿ ಈ ಆದೇಶ ಹೊರಡಿಸುತ್ತಾರೆ. ಹೊರಗಿನಿಂದ ಬರುವವರನ್ನು ತಡೆಯಲು ಇದರ ಬಳಕೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಗಡಿ ವಿವಾದ ಕಾವೇರಿದ್ದ 2022ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಸಚಿವರು ಬೆಳಗಾವಿಗೆ ಬರದಂತೆ ಅಲ್ಲಿಯ ಜಿಲ್ಲಾಧಿಕಾರಿ ನಿರ್ಬಂಧ ಹಾಕಿದ್ದರು. ಅದು ಹೆಸರು ಹೇಳಿ ಕೆಲವರಿಗೆ ಹಾಕಿದ ತಡೆ, ಮಹಾರಾಷ್ಟ್ರದ ಜನರಿಗೆಲ್ಲ ಹಾಕಿದ್ದಲ್ಲ. ಈ ವ್ಯತ್ಯಾಸ ಮುಖ್ಯ.

ಆದೇಶಕ್ಕೆ ಮಿತಿಯೂ ಇದೆ. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಅದು ನಡೆಯದು. ಆಧಾರವಾದ ಸಂಗತಿಗಳನ್ನು ಆದೇಶದಲ್ಲೇ ಬರೆಯಬೇಕು, ಅಪಾಯ ಎಷ್ಟೋ ತಡೆಯೂ ಅಷ್ಟೇ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರ ಅನುರಾಧಾ ಭಾಸಿನ್ ತೀರ್ಪಿನಲ್ಲಿ ಹೇಳಿತು. ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಗಳ ವೇಳೆ, 2019ರ ಡಿಸೆಂಬರ್ 18ರಂದು, ಬೆಂಗಳೂರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆ ಈ ಅಳತೆಗೆ ನಿಲ್ಲಲಿಲ್ಲ, 2020ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅದು ಕಾನೂನುಬಾಹಿರ ಎಂದಿತು.

ಆದೇಶವನ್ನು ಓದುವ ಬಗೆ

ಇಷ್ಟು ತಿಳಿದ ಮೇಲೆ ಯಾವ ನಿಷೇಧ ಕಣ್ಣಿಗೆ ಬಿದ್ದರೂ ನಾಲ್ಕು ಪ್ರಶ್ನೆ ಕೇಳಿ. ಹೊರಡಿಸಿದವರು ಯಾರು, ಕಾಗದದಲ್ಲಿ ಕಾರಣ ಬರೆದಿದ್ದಾರೆಯೇ? ಆ ಕಾರಣ ನಡೆದ ಘಟನೆಯೇ, ಬರೀ ಗುಮಾನಿಯೇ? ಗಲಾಟೆ ಮಾಡುವವರ ಹೆಸರು ಗೊತ್ತಿದ್ದರೆ ಅವರನ್ನು ಮಾತ್ರ ತಡೆಯಬಹುದಿತ್ತೇ? ನಿಷೇಧ ಎಂದು ಮುಗಿಯುತ್ತದೆ?

ನಾಲ್ಕಕ್ಕೂ ಸರಿಯಾದ ಉತ್ತರವಿದ್ದರೆ ನಿಷೇಧವನ್ನು ಒಪ್ಪಿ, ಪೊಲೀಸರಿಗೆ ಸಹಕರಿಸಿ. ಇಲ್ಲದಿದ್ದರೆ ಅದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತೆ. ಬಾಗಿಲು ಮುಚ್ಚುವುದೊಂದೇ ದಾರಿಯೂ ಅಲ್ಲ. 2018ರ ನವೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ರಿವರ್ ಪ್ಲೇಟ್ ಮತ್ತು ಬೋಕಾ ಜೂನಿಯರ್ಸ್ ನಡುವಿನ ಫೈನಲ್‌ಗೆ ಬೋಕಾ ಅಭಿಮಾನಿಗಳನ್ನು ಬಿಟ್ಟಿರಲಿಲ್ಲ, ಆದರೂ ದಾರಿಯಲ್ಲಿ ಬೋಕಾ ಆಟಗಾರರ ಬಸ್ಸಿನ ಮೇಲೆ ಕಲ್ಲು ಬಿದ್ದು ಪಂದ್ಯ ನಿಂತಿತು. ಡಿಸೆಂಬರ್ 9ರಂದು ಅದೇ ಪಂದ್ಯ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಡೆಯಿತು. ಅಲ್ಲಿ ಎರಡೂ ಕಡೆಯ ಅಭಿಮಾನಿಗಳು ಬಂದರು. ಬೇರೆ ದಾರಿ, ಬೇರೆ ಗೇಟು, ಬೇಕಾದಷ್ಟು ಪೊಲೀಸರು ಇದ್ದರು. ರಿವರ್ 3-1ರಿಂದ ಗೆದ್ದಿತು, ಪಂದ್ಯ ಶಾಂತವಾಗಿ ಮುಗಿಯಿತು. ಖರ್ಚು ಹೆಚ್ಚು, ದುಡಿಮೆ ಹೆಚ್ಚು, ಆದರೆ ಅದು ಸಾಧ್ಯ.

ಮಂಗಳೂರಿನ ನೆಹರೂ ಮೈದಾನದಲ್ಲೋ ನಮ್ಮೂರ ಶಾಲೆಯ ಅಂಗಳದಲ್ಲೋ ಪಂದ್ಯ ಇಡುವ ಯುವಕರಿಗೆ ನನ್ನ ಮಾತು ಇಷ್ಟೇ. ಗಲಾಟೆಯ ಭಯವಿದ್ದರೆ ಮೊದಲೇ ಠಾಣೆಗೆ ಹೋಗಿ ಮಾತಾಡಿ, ಕೂರುವ ಜಾಗ ಬೇರೆ ಮಾಡಿ, ಎರಡೂ ಕಡೆಯ ಹಿರಿಯರನ್ನು ಜವಾಬ್ದಾರಿಗೆ ನಿಲ್ಲಿಸಿ, ಕೈ ಎತ್ತಿದವನನ್ನು ಹೆಸರು ಹಿಡಿದು ಹೊರಗೆ ಕಳಿಸಿ. ಆ ಊರಿನವರು, ಆ ಜಾತಿಯವರು, ಆ ಧರ್ಮದವರು ಬರಬೇಡಿ ಎಂಬ ಮಾತು ಮಾತ್ರ ನಿಮ್ಮ ಮೈಕಿನಿಂದ ಬರದಿರಲಿ.