ಲಾಯ ಮನೆಯಾಗುವ ಮುನ್ನ

ಪ್ರಶ್ನೆ: ಮಗಳು, ಅಳಿಯ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಹಳೆಯ ಕುದುರೆ ಲಾಯ ಕೊಂಡು ಮನೆ ಮಾಡಿಕೊಳ್ಳುತ್ತಿದ್ದಾರೆ. ಅನುಮತಿ ಕೊಟ್ಟ ಅಲ್ಲಿನ ಕೌನ್ಸಿಲ್, ಕೆಲಸ ಶುರುವಾಗುವ ಮೊದಲು ಕಟ್ಟಡವನ್ನು ತಜ್ಞರಿಂದ ದಾಖಲಿಸಬೇಕೆಂದು ಷರತ್ತು ಹಾಕಿದೆ. ನಾಲ್ಕು ಫೋಟೋ ತೆಗೆದಿಟ್ಟರೆ ಸಾಲದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಸಾಲದು. ಲಾಯ ಮನೆಯಾದಾಗ ಗೋಡೆ, ಮಾಡು ಉಳಿಯುತ್ತವೆ. ಅಳಿಸಿಹೋಗುವುದು ಅಲ್ಲಿ ಕುದುರೆಗಳಿದ್ದವು ಎಂಬುದರ ಗುರುತು. ನೆಲ ಸಮ ಮಾಡಿ, ಚಳಿಗೆ ಗೋಡೆಯ ಒಳಮೈ ಮುಚ್ಚಿದರೆ ಅದು ಮತ್ತೆ ಕಾಣಸಿಗದು.

ಅಂಥ ಲಾಯದೊಳಗೆ ಹೋಗಿ ನೋಡಿ. ಇಟ್ಟಿಗೆ ಹಾಸಿದ ನೆಲ ಕುದುರೆಯ ಹಿಂಗಾಲಿನ ಕಡೆಗೆ ತುಸು ಇಳಿಜಾರಾಗಿರುತ್ತದೆ, ಗಂಜಲ ಹರಿದುಹೋಗಲು ಅಲ್ಲೊಂದು ಸಣ್ಣ ಕಾಲುವೆ. ಮೇಲೆ ಹುಲ್ಲಿನ ಅಟ್ಟ. ಗೋಡೆಯ ಪಕ್ಕದ ಸಂದಿನಿಂದ ಹುಲ್ಲು ತಳ್ಳಿದರೆ ನೇರ ಗೋದಲಿಗೆ ಬೀಳಬೇಕು. ಎದುರು ಗೋಡೆಯಲ್ಲಿ ಜೀನು, ಲಗಾಮು ತೂಗುಹಾಕುವ ಮರದ ಗೂಟಗಳು. ಕುದುರೆಗಳ ನಡುವಿನ ಅಡ್ಡಗೋಡೆಗಳನ್ನು ಎಂದೋ ಕಿತ್ತಿದ್ದರೂ ಕಂಬ ಕೂರಿಸಿದ್ದ ತೂತುಗಳು ತೊಲೆಯಲ್ಲಿ ಉಳಿದಿರುತ್ತವೆ. ಅವುಗಳ ಅಂತರ ಅಳೆದರೆ ಎಷ್ಟು ಕುದುರೆ ಕಟ್ಟುತ್ತಿದ್ದರೆಂದು ತಿಳಿಯುತ್ತದೆ. ಅದರಿಂದ ಆ ಜಮೀನಿನ ಉಳುಮೆ ಎಷ್ಟು ದೊಡ್ಡದಿತ್ತೆಂಬ ಅಂದಾಜೂ ಸಿಗುತ್ತದೆ.

ಕೆಲವು ಕಡೆ ತೊಲೆಯ ಮೇಲೋ ಬಾಗಿಲುವಾಡದ ಮೇಲೋ ಕೈವಾರದಿಂದ ಕೊರೆದ ಆರು ಎಸಳಿನ ಹೂವು ಇರುತ್ತದೆ. ಕೆಡುಕು ಒಳಗೆ ಬಾರದಿರಲೆಂದು ಕೊರೆದದ್ದು ಎನ್ನುವವರಿದ್ದಾರೆ, ಬಡಗಿಯ ರೇಖಾಭ್ಯಾಸ ಎನ್ನುವವರೂ ಇದ್ದಾರೆ. ನೇರ ಬೆಳಕಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಟಾರ್ಚನ್ನು ಮರಕ್ಕೆ ಓರೆಯಾಗಿ ಹಿಡಿದಾಗ ಗೆರೆಗಳು ಏಳುತ್ತವೆ. ತಜ್ಞರ ಕಣ್ಣು ಬೇಕೆನ್ನುವುದು ಇದಕ್ಕೇ.

ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಕೈಪಿಡಿ ದಾಖಲೆಯನ್ನು 4 ಹಂತಗಳಾಗಿ ವಿಂಗಡಿಸಿದೆ. 1ನೆಯದು ನೋಟಕ್ಕೆ ಕಂಡಷ್ಟರ ಸರಳ ದಾಖಲೆ. 4ನೆಯದು ಅಳತೆಯ ನಕ್ಷೆ, ಪೂರ್ಣ ವಿಶ್ಲೇಷಣೆ, ಇತಿಹಾಸ ಎಲ್ಲ ಸೇರಿದ್ದು. ಎಷ್ಟು ಆಳಕ್ಕೆ ಇಳಿಯಬೇಕೆಂದು ಕಟ್ಟಡದ ಮಹತ್ವ ನೋಡಿ ತೀರ್ಮಾನಿಸುತ್ತಾರೆ. ಫೋಟೋಗಳೂ ಬೇಕು, ಆದರೆ ಅಗತ್ಯವಿದ್ದಲ್ಲಿ ಅಳತೆ ಕೋಲು ಕಾಣಬೇಕು, ಎಲ್ಲಿ ನಿಂತು ತೆಗೆದದ್ದೆಂದು ನಕ್ಷೆಯಲ್ಲಿ ಗುರುತಿರಬೇಕು. ವರದಿ ಆ ಭಾಗದ ಪಾರಂಪರಿಕ ದಾಖಲೆಗಳ ಕಚೇರಿಗೆ ಸೇರುತ್ತದೆ. ಡಿಜಿಟಲ್ ಕಡತಗಳನ್ನು ಯಾರ್ಕ್ ವಿಶ್ವವಿದ್ಯಾಲಯದಲ್ಲಿರುವ ಆರ್ಕಿಯಾಲಜಿ ಡೇಟಾ ಸರ್ವಿಸ್‌ನಲ್ಲಿ ಕಾಪಿಡುವುದುಂಟು.

ದಾಖಲಿಸಿದ ಮಾತ್ರಕ್ಕೆ ಕೆಡವಬಹುದು ಎಂದಲ್ಲ. ನಾಶಕ್ಕೆ ಅನುಮತಿ ಕೊಡುವಾಗ ದಾಖಲಿಸುವ ಸಾಧ್ಯತೆಯನ್ನು ಕಾರಣವಾಗಿ ಪರಿಗಣಿಸಬಾರದೆಂದು ಇಂಗ್ಲೆಂಡಿನ ಯೋಜನಾ ನೀತಿಯೇ ಹೇಳುತ್ತದೆ. ಇದು ನನಗೆ ಬಹಳ ಸರಿಯೆನಿಸುವ ಮಾತು. ಆ ಗೋದಲಿ, ಗೂಟಗಳನ್ನು ಮನೆಯೊಳಗೇ ಉಳಿಸಿಕೊಂಡರೆ ಇನ್ನೂ ಚೆನ್ನ.

ನಿಮ್ಮ ಮಗಳಿಗೆ ಎರಡು ಮಾತು ಹೇಳಿ. ಲಾಯ ಸಂರಕ್ಷಿತ ಪಟ್ಟಿಯಲ್ಲಿರುವ ಮನೆಯೊಂದರ ಆವರಣಕ್ಕೆ ಸೇರಿದ್ದು, 1948ರ ಜುಲೈ 1ಕ್ಕಿಂತ ಮೊದಲಿನಿಂದ ಅಲ್ಲೇ ಇದ್ದರೆ, ಅದಕ್ಕೂ ಆ ರಕ್ಷಣೆ ಅನ್ವಯಿಸಬಹುದು. ಆಗ ಪ್ರತ್ಯೇಕ ಒಪ್ಪಿಗೆ ಬೇಕಾಗುತ್ತದೆ, ವಿಚಾರಿಸಲಿ. ಎರಡನೆಯದಾಗಿ, ತಜ್ಞರು ಬರುವ ಮೊದಲು ಒಳಗೆ ಸ್ವಚ್ಛ ಮಾಡಿಸುವುದು ಬೇಡ. ಹಳೆಯ ಸುಣ್ಣ ಕೆರೆಯುವುದು, ಗೂಟ ಕೀಳುವುದು, ನೆಲ ಅಗೆಯುವುದು ಎಲ್ಲವೂ ಆಮೇಲೆ.